ಗಂಜಿಯ ತೂಕ

ಹುಣಸೆ ಬೀಜ ಹುರಿಯುವ ಹೊಗೆಯಲ್ಲಿ ಮೂವತ್ತು ವರ್ಷ ಕೂತು ಪಾಲಮ್ಮನ ಕಣ್ಣಂಚು ಸದಾ ಕೆಂಪಾಗಿರುತ್ತಿತ್ತು. ಬೀಜ ಹುರಿದು, ಸಿಪ್ಪೆ ಕುಟ್ಟಿ ತೆಗೆದು, ನೆನೆಹಾಕಿ, ರುಬ್ಬಿ, ಹಂಡೆಯಲ್ಲಿ ಕುದಿಸಿದರೆ ಗಂಜಿ. ಕುದಿಯುವಷ್ಟು ಹೊತ್ತೂ ತಿರುವುತ್ತಲೇ ಇರಬೇಕು. ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ. ತಳ ಹಿಡಿದ ಗಂಜಿ ಕಂಬಳಿಗೆ ಕಲೆ ಕಟ್ಟುತ್ತದೆ. ಮಗ್ಗದಿಂದ ಇಳಿದ ಕಂಬಳಿಯನ್ನು ಅಂಗಳದ ಗೂಟಗಳಿಗೆ ಎಳೆದು ಕಟ್ಟಿ, ಬಿಸಿ ಆರುವ ಮೊದಲು ಅದರ ಮೈಗೆ ಗಂಜಿ ಕುಡಿಸಬೇಕು. ಕುಂಚ ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧ ಅಂಗೈಯದು.

ಹಾಗೆ ಗಂಜಿ ಕುಡಿದು ಒಣಗಿದ ಕಂಬಳಿಯನ್ನು ನೆಲದ ಮೇಲೆ ನಿಲ್ಲಿಸಿದರೆ ಹಲಗೆಯಂತೆ ನಿಲ್ಲುತ್ತದೆ. ಮಳೆ ಬಿದ್ದರೆ ಹನಿ ಜಾರುತ್ತದೆ. ಪಾಲಮ್ಮನ ಅಂಗೈಯೂ ಹಾಗೇ ಆಗಿತ್ತು. ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಆ ಕೈಯನ್ನು ಗುರುತಿಸದೆ ಮೂರು ಸಲ ವಾಪಸು ಕಳಿಸಿತ್ತು.

"ನನ್ನ ಹೆಬ್ಬೆಟ್ಟು ಗಂಜಿ ತಿಂದೈತೆ. ಸರ್ಕಾರ ನನ್ನ ನಂಬಲ್ಲ" ಎಂದು ಅವಳು ನಗುತ್ತಿದ್ದಳು.

ಮಗಳು ಹರ್ಷಿತಾ ನಗುತ್ತಿರಲಿಲ್ಲ. ನಂಬಿಕೆಯ ವಿಷಯದಲ್ಲಿ ಅವಳಿಗೆ ನಗು ಬರುತ್ತಿರಲಿಲ್ಲ. ಅವಳು ಚಳ್ಳಕೆರೆಯ ಕಾಲೇಜಿನಲ್ಲಿ ಬಿ.ಕಾಂ. ಓದಿದವಳು. ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡುವವಳು. ಏಳು ನೇಕಾರರ ಮನೆಗಳು ಕೂಡಿ ತೆರೆದ ಕಂಬಳಿ ಅಂಗಡಿಯ ಲೆಕ್ಕ ಬರೆಯುವುದು ಅವಳ ಕೆಲಸ. ಮೊದಲು ಆ ಏಳೂ ಮನೆಗಳು ಒಬ್ಬ ಸಾಹುಕಾರನಿಗೆ ನೇಯುತ್ತಿದ್ದವು. ಸಾಹುಕಾರನ ಪುಸ್ತಕದಲ್ಲಿ ಏನಿದೆ ಎಂದು ಯಾರೂ ನೋಡಿರಲಿಲ್ಲ. ಅವನು ಓದಿದ್ದೇ ಲೆಕ್ಕ. ಹರ್ಷಿತಾಳ ಅಪ್ಪ ಅವನ ಮಗ್ಗದ ಗುಂಡಿಯಲ್ಲೇ ಕೂತು ಕೆಮ್ಮಿ ಸತ್ತಿದ್ದ.

ಅದಕ್ಕೇ ತಮ್ಮ ಅಂಗಡಿಯಲ್ಲಿ ಅವಳು ಒಂದು ಪದ್ಧತಿ ಮಾಡಿದ್ದಳು. ತಳಕು, ದೇವಸಮುದ್ರದ ಕಡೆಯ ಹಳ್ಳಿಗಳಿಂದ ನಲವತ್ತು ಹೆಂಗಸರು ಉಣ್ಣೆ ಒಯ್ದು, ನೂತು, ಸೋಮವಾರ ಸೋಮವಾರ ನೂಲು ತರುತ್ತಿದ್ದರು. ನೂಲು ತಕ್ಕಡಿಗೆ ಬಿದ್ದ ಕೂಡಲೇ ಹರ್ಷಿತಾ ತೂಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಬರೆಯುತ್ತಿದ್ದಳು. ಬರೆದದ್ದನ್ನು ಮತ್ತೆ ಓದುತ್ತಿದ್ದಳು. "ಹುಚ್ಚಕ್ಕ, ಮೂರು ಕೆ.ಜಿ. ಇನ್ನೂರು ಗ್ರಾಂ. ಸರಿನಾ?" ತಂದವಳು "ಸರಿ" ಅಂದ ಮೇಲೆಯೇ ಮುಂದಿನ ಗೆರೆ. ಕೆ.ಜಿ.ಗೆ ಎಂಬತ್ತು ರೂಪಾಯಿ ಕೂಲಿ. ಓದು ಬಾರದ ಹೆಂಗಸರಿಗೂ ತಮ್ಮ ಹೆಸರಿನ ಪುಟ ಯಾವುದೆಂದು ಗೊತ್ತಿತ್ತು.

ಐದು ವರ್ಷ ಹಾಗೇ ನಡೆಯಿತು. ಒಂದು ಗೆರೆಗೂ ತಕರಾರು ಬರಲಿಲ್ಲ.

*

ತೆರಿಗೆಯವರು ಬಂದದ್ದು ಹೋದ ವರ್ಷ ಫೆಬ್ರವರಿಯಲ್ಲಿ. ಎರಡು ಕಾರು, ಐದು ಜನ. ಬೆಳಿಗ್ಗೆ ಹನ್ನೊಂದಕ್ಕೆ ಅಂಗಡಿಯ ಬಾಗಿಲು ಅರ್ಧ ಹಾಕಿಸಿದರು. ಹಿರಿಯ ಅಧಿಕಾರಿ ಸಭ್ಯಸ್ಥ. ದನಿ ಏರಿಸಲಿಲ್ಲ. ನೀರು ಕೇಳಿ ಕುಡಿದ. ಎಲ್ಲರ ಫೋನು ಮೇಜಿನ ಮೇಲೆ ಇಡಿಸಿಕೊಂಡ.

"ಭಯ ಪಡಬೇಡಿ. ಇದು ಬರೀ ಸರ್ವೆ. ನಿಮ್ಮ ವ್ಯಾಪಾರ ನೋಡಿಕೊಂಡು ಹೋಗ್ತೀವಿ."

ಸಂಜೆಯವರೆಗೂ ನೋಡಿದರು. ಪುಸ್ತಕಗಳನ್ನೆಲ್ಲ ತಿರುವಿದರು. ಕೂಡಿದರು, ಕಳೆದರು. ಒಂದು ರೂಪಾಯಿ ಆಚೆ ಈಚೆ ಆಗಲಿಲ್ಲ. ಹುಣಸೆ ಬೀಜದ ಪುಟ ಬಂದಾಗ ಅಧಿಕಾರಿ ಕೇಳಿದ.

"ಇಪ್ಪತ್ತು ಕ್ವಿಂಟಾಲ್ ಹುಣಸೆ ಬೀಜ. ಏನಕ್ಕಮ್ಮ ಇಷ್ಟೊಂದು?"

"ಗಂಜಿಗೆ ಸಾರ್" ಎಂದಳು ಹರ್ಷಿತಾ.

"ಅಡಿಗೆಗಾ?"

"ಅಲ್ಲ ಸಾರ್. ಕಂಬಳಿಗೆ."

"ಸರಿ" ಎಂದು ಅವನು 'ಇತರೆ ವೆಚ್ಚ' ಎಂದು ಬರೆದು, ಪಕ್ಕದಲ್ಲಿ ಗುರುತು ಹಾಕಿದ. ಒಪ್ಪಿಗೆಯ ಗುರುತು.

ಆಮೇಲೆ ಸರಕು ಎಣಿಸಿದರು. ನಾನೂರ ಹನ್ನೆರಡು ಕಂಬಳಿ. ಪುಸ್ತಕದಲ್ಲೂ ಅಷ್ಟೇ. ಹತ್ತು ಕಂಬಳಿ ಹಾಸಿ ನೋಡುವಾಗ ಒಬ್ಬ ಹುಡುಗ ಅಧಿಕಾರಿ ಬೂಟುಗಾಲಲ್ಲಿ ಒಂದರ ಮೇಲೆ ನಿಂತ. ಅಂಗಡಿ ಯಾರ ಹೆಸರಿನಲ್ಲಿತ್ತೋ ಆ ಬೊಮ್ಮಣ್ಣ ಮೂಲೆಯಿಂದ ಎದ್ದು ಬಂದ. ಎಪ್ಪತ್ತರ ಮುದುಕ, ಏಳು ಮನೆಗೂ ಹಿರಿಯ.

"ಸ್ವಾಮಿ, ಕಾಲು ತೆಗೀರಿ. ಅದು ದೇವರ ಗದ್ದುಗೆಗೆ ಹಾಸೋದು."

ಹುಡುಗ ನಕ್ಕು ಕಾಲು ತೆಗೆದ. ಹತ್ತು ಕಂಬಳಿಗಳನ್ನು ತಕ್ಕಡಿಗೆ ಹಾಕಿದರು. ಇಪ್ಪತ್ತೈದು ಕೆ.ಜಿ. ಅಂದರೆ ಒಂದು ಕಂಬಳಿ ಎರಡೂವರೆ. ಹಿರಿಯ ಅಧಿಕಾರಿ ನೂಲಿನ ಪುಸ್ತಕ ತೆಗೆದ. ಕಂಬಳಿಗೆ ಎರಡು ಕೆ.ಜಿ. ನೂಲು ಎಂದಿತ್ತು. ಅವನು ಪೆನ್ನಿನ ತುದಿಯಿಂದ ಆ ಗೆರೆಯನ್ನು ಮೆಲ್ಲಗೆ ಕುಟ್ಟಿದ. ಬೊಮ್ಮಣ್ಣನನ್ನು ಕುರ್ಚಿಗೆ ಕರೆದ.

"ಅಜ್ಜಾ, ಈ ಕಂಬಳೀಲಿ ಏನೇನಿದೆ?"

"ಉಣ್ಣೆ ಐತೆ."

"ಬರೀ ಉಣ್ಣೆನಾ? ಬೇರೆ ಏನಾದರೂ ಸೇರಿಸಿದ್ದೀರಾ?"

ಬೊಮ್ಮಣ್ಣನ ಮುಖ ಬಿಗಿಯಿತು. ಎರಡು ವರ್ಷದಿಂದ ಸಂತೆಗಳಲ್ಲಿ ಮಿಲ್ಲಿನ ದಾರ ಬೆರೆಸಿದ ಕಂಬಳಿ ಬರುತ್ತಿದ್ದವು. ಅಂಥ ಕಂಬಳಿ ಮಾರಿದವನ ಮನೆಯಲ್ಲಿ ಬೊಮ್ಮಣ್ಣ ನೀರು ಮುಟ್ಟುತ್ತಿರಲಿಲ್ಲ. ಈ ಸಾಹೇಬ ತನ್ನನ್ನೂ ಆ ಸಾಲಿಗೆ ಸೇರಿಸಿದ ಎಂದುಕೊಂಡ. ಗಂಜಿಯ ನೆನಪು ಅವನ ತಲೆಗೆ ಬರಲೇ ಇಲ್ಲ. ಮುದ್ದೆಯಲ್ಲಿ ಏನಿದೆ ಎಂದು ಕೇಳಿದರೆ ಯಾರು ನೀರು ಎನ್ನುತ್ತಾರೆ?

"ಏನಂತ ಕೇಳ್ತೀರಿ ಸ್ವಾಮಿ. ಕುರಿ ಉಣ್ಣೆ ಬಿಟ್ರೆ ಒಂದೆಳೆ ಬೇರೇದಿಲ್ಲ ಇದ್ರಾಗೆ. ಪೂರ್ತಿ ಉಣ್ಣೆ. ಬೇಕಾದ್ರೆ ಬೀರಪ್ಪನ ಮುಂದೆ ಕರ್ಪೂರ ಆರಿಸ್ತೀನಿ."

"ಕರ್ಪೂರ ಬೇಡ. ಸಹಿ ಸಾಕು."

ಹರ್ಷಿತಾ ಮೇಜಿನ ಹತ್ತಿರ ಬಂದಳು. "ಸಾರ್, ಗಂಜಿ…" ಎಂದಳು.

"ನಿಮ್ಮನ್ನ ಕೇಳಿಲ್ಲಮ್ಮ. ನಿಮ್ಮ ಸರದಿ ಬಂದಾಗ ಹೇಳಿ."

ಅವಳು ಹೇಳಬೇಕಾದ ಮಾತನ್ನು ನಾಲಿಗೆಯ ಮೇಲೆ ಸಿದ್ಧ ಮಾಡಿಟ್ಟುಕೊಂಡು ಕಾದಳು. ಸರದಿ ಬರಲಿಲ್ಲ. ಹೇಳಿಕೆ ಇಂಗ್ಲಿಷಿನಲ್ಲಿತ್ತು. ಸಹಿ ಹಾಕುವ ಮುಂಚೆ ಅವಳು ಓದಿ, ಇಲ್ಲಿ ಗಂಜಿ ಸೇರಿಸಬೇಕು ಎಂದಳು. "ಇದು ಅವರ ಹೇಳಿಕೆ, ನಿಮ್ಮದಲ್ಲ. ನೀವು ಆಮೇಲೆ ಬರೆದು ಕೊಡಿ" ಎಂದ ಅಧಿಕಾರಿ. ಬೊಮ್ಮಣ್ಣ ಎಂಟು ಹಾಳೆಗೆ ಸಹಿ ಹಾಕಿದ. ಅವನಿಗೆ ಸಮಾಧಾನವೇ ಆಗಿತ್ತು. ತನ್ನ ಉಣ್ಣೆಯ ಶುದ್ಧತೆಗೆ ಸರ್ಕಾರವೇ ಸಾಕ್ಷಿ ಬರೆದುಕೊಂಡಿತಲ್ಲ ಎಂದು.

ಹೊರಗೆ ಕಾರಿನ ಚಾಲಕನಿಗೆ ಪಾಲಮ್ಮ ಟೀ ಕೊಟ್ಟಿದ್ದಳು.

"ಅಲ್ಲಪ್ಪ, ಎದುರಿಗೆ ಅಷ್ಟು ದೊಡ್ಡ ಎಣ್ಣೆ ಮಿಲ್ಲೈತೆ. ಅದ್ನ ಬಿಟ್ಟು ನಮ್ಮ ಮನೆಗೆ ಬಂದೀರಲ್ಲ."

ಚಾಲಕ ಲೋಟ ತೊಳೆದು ಕೊಟ್ಟ. "ಮಾರ್ಚ್ ಬಂತಲ್ಲವ್ವ. ವರ್ಷ ಮುಗಿಯೋದ್ರಾಗೆ ಇಷ್ಟು ತೆರಿಗೆ ಹಿಡಿದ್ವಿ ಅಂತ ತೋರಿಸ್ಬೇಕು ಅವ್ರು. ಮಿಲ್ಲಿಗೆ ಹೋದ್ರೆ ಬಾಗಿಲಾಗೇ ವಕೀಲ ಕೂತಿರ್ತಾನೆ. ನಿಮ್ಮನೇಲಿ ಟೀ ಕೊಡ್ತೀರಿ."

*

ಹರ್ಷಿತಾ ಆ ವಾರವೇ ಬರೆದು ಕಳಿಸಿದಳು. ಗಂಜಿ ಹೇಗೆ ಮಾಡುತ್ತಾರೆ, ಒಂದು ಕಂಬಳಿ ಎಷ್ಟು ಗಂಜಿ ಕುಡಿಯುತ್ತದೆ, ಅಧಿಕಾರಿಯೇ ಒಪ್ಪಿದ ಇಪ್ಪತ್ತು ಕ್ವಿಂಟಾಲ್ ಬೀಜ ಎಲ್ಲಿ ಹೋಯಿತು, ಎಲ್ಲ. ಒಂದು ಕಂಬಳಿಯನ್ನು ತೊಳೆದು ತೂಗಿ ನೋಡಿ ಎಂದೂ ಕೇಳಿಕೊಂಡಳು. ಮೂರು ಸಲ ಓದಿ, ಕಠಿಣವಾದ ಎರಡು ಪದ ಹೊಡೆದುಹಾಕಿ, ಅಂಚೆಗೂ ಹಾಕಿದಳು, ಕಂಪ್ಯೂಟರಿಗೂ ಹಾಕಿದಳು.

ಹದಿಮೂರು ತಿಂಗಳಾದ ಮೇಲೆ ಆದೇಶ ಬಂತು. ಅದನ್ನು ಹಿಡಿದು ಆಡಿಟರ್ ರಾಜಣ್ಣನ ಹತ್ತಿರ ಹೋದಳು. ರಾಜಣ್ಣ ಊರಿನ ಸಣ್ಣ ಅಂಗಡಿಗಳಿಗೆಲ್ಲ ತೆರಿಗೆ ಕಾಗದ ನೋಡುವವನು. ಓದುತ್ತಾ ಓದುತ್ತಾ ಅವನು ಕನ್ನಡಕ ತೆಗೆದ.

"ಬಲೇ ಬರ್ದವ್ನೆ ಕಣಮ್ಮ. ಕೇಳಿಲ್ಲಿ. 'ಲೆಕ್ಕದ ಪುಸ್ತಕಗಳಲ್ಲಿ ಯಾವ ದೋಷವೂ ಕಂಡುಬಂದಿಲ್ಲ.' ಇದು ಆರನೇ ಪುಟ."

ಹರ್ಷಿತಾ ಉಸಿರು ಬಿಟ್ಟಳು.

"ಏಳನೇ ಪುಟ ಕೇಳು. ಮೂರು ಸಾವಿರದ ನೂರು ಕಂಬಳಿ, ಒಂದೊಂದು ಎರಡೂವರೆ ಕೆ.ಜಿ. ಅಷ್ಟಕ್ಕೆ ಬೇಕಾದ ನೂಲು ಏಳು ಸಾವಿರದ ಏಳುನೂರ ಐವತ್ತು ಕೆ.ಜಿ. ಪುಸ್ತಕದಾಗೆ ಇರೋದು ಆರು ಸಾವಿರದ ಇನ್ನೂರು. ಮಿಕ್ಕಿದ್ದು ಹದಿನೈದು ನೂರ ಐವತ್ತು ಕೆ.ಜಿ. ಅದನ್ನ ನೀವು ಪುಸ್ತಕಕ್ಕೆ ಹಾಕದೆ ಗುಟ್ಟಾಗಿ ಕೊಂಡಿದ್ದೀರಂತೆ. ನಾಲ್ಕು ಲಕ್ಷ ಅರವತ್ತೈದು ಸಾವಿರ ಆದಾಯಕ್ಕೆ ಸೇರಿಸವ್ನೆ. ಇಂಥದ್ಕೆ ತೆರಿಗೆ ದರಾನೂ ಜಾಸ್ತಿ. ಬಡ್ಡಿ ಸೇರಿ ಹತ್ರ ಹತ್ರ ನಾಲ್ಕು ಲಕ್ಷ ಕಟ್ಬೇಕು."

"ಗಂಜಿ ಅಂತ ಬರ್ದಿದ್ದೆನಲ್ಲ ಸಾರ್."

"ಅದ್ಕೂ ಉತ್ರ ಐತೆ. 'ಗಂಜಿಯ ವಾದವು ನಂತರ ಯೋಚಿಸಿ ಹುಟ್ಟಿಸಿದ್ದು. ಕಂಬಳಿ ಪೂರ್ತಿ ಉಣ್ಣೆಯದೆಂದು ಮಾಲೀಕರೇ ಹೇಳಿಕೆ ನೀಡಿದ್ದಾರೆ.'"

ಹರ್ಷಿತಾ ಆ ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಬೀಜದ ಖರ್ಚನ್ನು ಒಪ್ಪಿದ್ದರು. ಬೀಜದ ತೂಕವನ್ನು ಒಪ್ಪಿರಲಿಲ್ಲ.

"ಸಾರ್, ಲೆಕ್ಕ ಸರಿ ಐತೆ ಅಂತ ಅವ್ರೇ ಬರ್ದವ್ರೆ. ಸರಿ ಇದ್ಮೇಲೆ ಇದು ಎಲ್ಲಿಂದ ಬಂತು?"

"ನ್ಯಾಯವಾಗಿ ಬರೋ ಹಂಗಿಲ್ಲ. ಮೊದ್ಲು ನಿಮ್ಮ ಪುಸ್ತಕ ತಪ್ಪು ಅಂತ ತಳ್ಳಿಹಾಕ್ಬೇಕು, ಯಾಕೆ ತಪ್ಪು ಅಂತ ಹೇಳ್ಬೇಕು. ಆಮೇಲೆ ಅಂದಾಜು ಕಟ್ಟಬೋದು. ಇವ್ನು ಪುಸ್ತಕನೂ ಒಪ್ಕೊಂಡವ್ನೆ, ಅಂದಾಜೂ ಕಟ್ಟವ್ನೆ. ತಳ್ಳಿಹಾಕಾಕೆ ತಪ್ಪು ಸಿಗ್ಬೇಕಲ್ಲ, ನೀನು ಒಂದೂ ಬಿಟ್ಟಿಲ್ಲ." ರಾಜಣ್ಣ ನಕ್ಕ. ಆ ನಗೆಯಲ್ಲಿ ಮೆಚ್ಚುಗೆಯೂ ಇತ್ತು, ಕನಿಕರವೂ ಇತ್ತು. "ಮೇಲ್ಮನವಿ ಹಾಕಿದ್ರೆ ಗೆಲ್ತೀವಿ."

"ಎಷ್ಟು ದಿನಕ್ಕೆ?"

"ಮೂರು ವರ್ಷ. ನಾಲ್ಕೂ ಆಗಬೋದು. ಅಲ್ಲೀಗಂಟ ವಸೂಲಿ ನಿಲ್ಬೇಕಂದ್ರೆ ಐದನೇ ಒಂದು ಭಾಗ ಮೊದ್ಲೇ ಕಟ್ಬೇಕು. ಎಂಬತ್ತು ಸಾವಿರ."

ಏಪ್ರಿಲ್ ಕೊನೆಗೆ ಬ್ಯಾಂಕಿನ ಖಾತೆ ತಡೆಹಿಡಿದರು. ಅದರಲ್ಲಿ ಇದ್ದದ್ದು ಒಂದು ಲಕ್ಷ ಹದಿನೆಂಟು ಸಾವಿರ. ನಲವತ್ತು ಹೆಂಗಸರ ಕೂಲಿ ಮತ್ತು ಮುಂದಿನ ಉಣ್ಣೆಯ ದುಡ್ಡು.

*

ಎರಡು ಸೋಮವಾರ ಹೆಂಗಸರು ನೂಲು ಕೊಟ್ಟು ಬರಿಗೈಯಲ್ಲಿ ಹೋದರು. ಮೂರನೇ ಸೋಮವಾರ ಯಾರೂ ನೂಲಿನ ಗಂಟು ಇಳಿಸಲಿಲ್ಲ. ಮಡಿಲಲ್ಲೇ ಇಟ್ಟುಕೊಂಡು ಅಂಗಳದಲ್ಲಿ ಕೂತರು. ಮುಂದೆ ಕೂತವಳು ದೇವಸಮುದ್ರದ ಕಡೆಯ ಹುಚ್ಚಕ್ಕ. ಅರವತ್ತು ದಾಟಿದವಳು. ಮಾತಿನ ನಡುವೆ ತೆಲುಗು ನುಸುಳುತ್ತಿತ್ತು.

"ಏಮ್ಮಾ ಹರ್ಷಿತಮ್ಮ. ಬಸ್ಸಿನಾಗೆ ಜನ ಮಾತಾಡ್ತಾವ್ರೆ. ಸರ್ಕಾರದೋರು ಬರ್ದವ್ರಂತೆ, ನಿಮ್ಮ ಅಂಗಡೀಲಿ ಹದಿನೈದು ನೂರು ಕೆ.ಜಿ. ನೂಲು ಪುಸ್ತಕಕ್ಕೆ ಹಾಕಿಲ್ಲ ಅಂತ. ನಿಜಾನಾ?"

"ಹಂಗಂತ ಬರ್ದವ್ರೆ ಹುಚ್ಚಕ್ಕ. ಆದ್ರೆ…"

"ಆ ನೂಲು ಯಾರು ನೂತಿದ್ದು? ನಾವೇ ತಾನೇ? ನಿನ್ನ ಅಂಗಡಿಗೆ ನೂಲೋರು ಬೇರೆ ಯಾರವ್ರೆ?"

ಈ ದಾರಿಯಲ್ಲಿ ಹರ್ಷಿತಾ ಯೋಚಿಸಿಯೇ ಇರಲಿಲ್ಲ. ಅಧಿಕಾರಿ ಬರೆದ ಸುಳ್ಳು ತೆರಿಗೆಯಲ್ಲಿ ನಿಲ್ಲಲಿಲ್ಲ. ಬಸ್ಸು ಹತ್ತಿ ನಲವತ್ತು ಮನೆಗೆ ಹೋಗಿ, ಇವಳು ನಿಮ್ಮ ಕೂಲಿ ಕದ್ದವಳು ಎಂದು ಹೇಳಿತ್ತು.

"ನೀನು ಗಟ್ಟಿಯಾಗಿ ಓದ್ತಿದ್ದೆ. ನಾವು ಸರಿ ಅಂತಿದ್ವಿ" ಎಂದಳು ಹುಚ್ಚಕ್ಕ. ಅವಳ ದನಿ ಏರಿರಲಿಲ್ಲ. ಅದೇ ಹೆಚ್ಚು ನೋವಾಗುವಂತಿತ್ತು. "ಓದೋಕೆ ಬಾರದೋರಿಗೆ ಓದಿ ಹೇಳಿದ್ದೆಲ್ಲ ಸರೀನೇ. ಮೊದ್ಲಿದ್ದ ಸಾಹುಕಾರ ಓದ್ತಾನೇ ಇರ್ಲಿಲ್ಲ. ನೀನು ಓದಿ ಮುಳುಗಿಸಿದ್ಯಾ ಅಂತ ಕೇಳ್ತಾ ಇವ್ನಿ."

"ಸರ್ಕಾರ ಯಾಕೆ ಸುಳ್ಳು ಬರೀತದೆ?" ಎಂದಳು ಹಿಂದಿನ ಸಾಲಿನ ಯರ್ರಮ್ಮ.

ಹರ್ಷಿತಾ ಪುಸ್ತಕ ತಂದು ಅವರ ಮುಂದಿಟ್ಟಳು. ಯಾರೂ ಮುಟ್ಟಲಿಲ್ಲ. ಅದೇ ಪುಸ್ತಕ ಸರಿ ಇದೆ ಎಂದು ಸರ್ಕಾರವೇ ಬರೆದಿದೆ ಎಂದಳು. ಸರಿ ಇದ್ದರೆ ದಂಡ ಯಾಕೆ ಹಾಕಿದರು ಎಂದು ಯರ್ರಮ್ಮ ಕೇಳಿದಳು. ಗೋಡೆಗೆ ಒರಗಿದ್ದ ಬೊಮ್ಮಣ್ಣ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

"ನಾನು ಹಾಳು ಮಾಡ್ದೆ ಕಣ್ರವ್ವ. ಮಿಲ್ಲಿನ ದಾರ ಬೆರೆಸೀರೇನು ಅಂತ ಕೇಳ್ದ ಅಂದ್ಕೊಂಡೆ. ಪೂರ್ತಿ ಉಣ್ಣೆ ಅಂದೆ. ಗಂಜಿ ಅನ್ನೋದು ಬಾಯಿಗೆ ಬರ್ಲಿಲ್ಲ. ಗಂಜಿ ಏನು ಬೆರಕೆನೇನ್ರವ್ವಾ?"

ಪಾಲಮ್ಮ ಅಲ್ಲಿಯವರೆಗೂ ಹಂಡೆಯ ಹತ್ತಿರವೇ ನಿಂತಿದ್ದಳು. ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು. ಒಳಗೆ ಹೋಗಿ ಮೊನ್ನೆ ಒಣಗಿದ ಹೊಸ ಕಂಬಳಿಯೊಂದನ್ನು ಹೊತ್ತು ತಂದು ಹುಚ್ಚಕ್ಕನ ಮುಂದೆ ಇಳಿಸಿದಳು.

"ಇದನ್ನ ತೂಗು."

"ನಾನ್ಯಾಕೆ ತೂಗ್ಲಿ?"

"ನಿನ್ನ ಕೈಲೇ ತೂಗು ಅಕ್ಕ. ನನ್ನ ಮಗಳು ಮುಟ್ಟಲ್ಲ. ನಾನೂ ಮುಟ್ಟಲ್ಲ. ತಕ್ಕಡಿ ಮೇಲೂ ಅನುಮಾನ ಬ್ಯಾಡ, ನೂರ್ ಸಾಬ್ರನ್ನ ಕರೆಸ್ತೀನಿ."

ನೂರ್ ಅಹಮ್ಮದ್ ಪೇಟೆಯಲ್ಲಿ ತಕ್ಕಡಿ ರಿಪೇರಿ ಮಾಡುವವನು. ತನ್ನದೇ ತಕ್ಕಡಿಯನ್ನು ಲೂನಾದ ಹಿಂದೆ ಕಟ್ಟಿಕೊಂಡು ಬಂದ. ಸರ್ಕಾರದ ಮುದ್ರೆಯನ್ನು ಹೆಂಗಸರಿಗೆ ತೋರಿಸಿದ. ಹುಚ್ಚಕ್ಕ ಕಂಬಳಿ ಹಾಕಿದಳು. ಎರಡೂವರೆ ಕೆ.ಜಿ.

ಆಮೇಲೆ ಪಾಲಮ್ಮ ಮೂವತ್ತು ವರ್ಷದಲ್ಲಿ ಎಂದೂ ಮಾಡದ ಕೆಲಸ ಮಾಡಿದಳು. ಮಾರದ ಹೊಸ ಕಂಬಳಿಯನ್ನು ತೊಟ್ಟಿಯಲ್ಲಿ ಮುಳುಗಿಸಿದಳು. ಅದರ ಮೇಲೆ ಬಿಸಿ ನೀರು ಸುರಿದಳು. ಗಂಜಿ ಇಳಿದ ಕಂಬಳಿ ಸತ್ತ ಕಂಬಳಿ. ಅದನ್ನು ಯಾರೂ ಕೊಳ್ಳುವುದಿಲ್ಲ. ಬೊಮ್ಮಣ್ಣ ಆ ಕಡೆ ನೋಡಲಾರದೆ ತಿರುಗಿ ಕೂತ. ಪಾಲಮ್ಮ ತುಳಿದಳು, ಕುಕ್ಕಿದಳು, ಹಿಂಡಿದಳು. ತಾನೇ ಕೈಯಾರೆ ಕುಡಿಸಿದ್ದನ್ನು ಕೈಯಾರೆ ಕಕ್ಕಿಸಿದಳು. ಕಂದು ಬಣ್ಣದ ಅಂಟು ನೀರು ಅಂಗಳದ ತುಂಬಾ ಹರಿಯಿತು. ಹೆಂಗಸರು ಸೀರೆ ಎತ್ತಿಕೊಂಡು ಹಿಂದೆ ಸರಿದರು.

"ಯಪ್ಪಾ, ಎಷ್ಟು ಕುಡಿದಿತ್ತೇ ಇದು" ಎಂದಳು ಯರ್ರಮ್ಮ.

"ನಿನ್ನ ಗಂಡನಷ್ಟು ಕುಡಿದಿರಾಕಿಲ್ಲ ಬಿಡು" ಎಂದಳು ಹಿಂದಿನಿಂದ ಒಬ್ಬಳು. ಕೆಲವರು ನಕ್ಕರು. ಹುಚ್ಚಕ್ಕ ನಗಲಿಲ್ಲ. ಅವಳು ನೀರನ್ನೇ ನೋಡುತ್ತಿದ್ದಳು.

ಒಣಗಲು ಎರಡು ದಿನ ಬೇಕಾಯಿತು. ಬುಧವಾರ ಸಂಜೆ ಹುಚ್ಚಕ್ಕ ಮತ್ತೆ ಬಂದಳು. ಬಸ್ ಚಾರ್ಜು ಹೋದರೂ ಹೋಗಲಿ ಎಂದು ಅವಳ ಜೊತೆ ಇನ್ನೂ ಹನ್ನೆರಡು ಮಂದಿ ಬಂದಿದ್ದರು. ಮೆತ್ತಗಾಗಿ ಜೋತುಬಿದ್ದಿದ್ದ ಕಂಬಳಿಯನ್ನು ಹುಚ್ಚಕ್ಕನೇ ತಕ್ಕಡಿಗೆ ಹಾಕಿದಳು. ಓದಲು ಬಾರದ ಅವಳು ನೂರ್ ಅಹಮ್ಮದನ ಮುಖ ನೋಡಿದಳು.

"ಎರಡು ಕಿಲೋಗೆ ಹತ್ತು ಗ್ರಾಂ ಕಮ್ಮಿ" ಎಂದ ಅವನು. "ತಕ್ಕಡಿ ಸುಳ್ಳು ಹೇಳಲ್ಲಮ್ಮ. ಆದ್ರೆ ಮೇಲೆ ಏನಿಟ್ರಿ ಅಂತ ಅದು ಕೇಳೋದೂ ಇಲ್ಲ. ಕೇಳೋದು ಮನುಷ್ಯನ ಕೆಲಸ. ಆ ಸಾಹೇಬ ಕೇಳಲಿಲ್ಲ, ಅಷ್ಟೇ."

ಹುಚ್ಚಕ್ಕ ಬಹಳ ಹೊತ್ತು ಕಂಬಳಿಯ ಮೇಲೆ ಕೈಯಾಡಿಸುತ್ತಾ ನಿಂತಳು. ನೂತ ಎಳೆ ಯಾರ ಕೈಯದೆಂದು ಅವಳಿಗೆ ಬೆರಳಿಗೇ ತಿಳಿಯುತ್ತಿತ್ತು. ಕೊನೆಗೆ ಹರ್ಷಿತಾಳ ಕಡೆ ತಿರುಗಿದಳು.

"ನಾನು ನಿನ್ನ ಕಳ್ಳಿ ಅಂದೆ."

"ಅನ್ಲಿಲ್ಲ ಹುಚ್ಚಕ್ಕ. ಕೇಳಿದ್ರಿ."

"ಮನಸ್ನಾಗೆ ಅಂದಿದ್ದೆ ಕಣವ್ವ." ಕಂಬಳಿಯನ್ನು ತಕ್ಕಡಿಯಿಂದ ಎತ್ತುತ್ತಾ ಕೇಳಿದಳು. "ನಂಗೆ ತೋರಿಸಿದ್ರಿ. ನಾನು ಕಣ್ಣಾರೆ ಕಂಡೆ. ಅವನ್ಯಾಕೆ ಕಾಣ್ಲಿಲ್ಲ?"

"ತೊಳೆದು ನೋಡ್ರಿ ಅಂತ ಬರ್ದಿದ್ದೆ."

"ಬರ್ದಿದ್ದು ಅವನು ಓದ್ತಾನೇನು? ಅವನೂ ನನ್ನ ಹಂಗೇ. ಓದಿ ಹೇಳ್ಬೇಕು."

*

ಮೇ ತಿಂಗಳ ಕೊನೆಯ ಸೋಮವಾರ ಅಂಗಡಿಗೆ ರಜೆ. ನಲವತ್ತರಲ್ಲಿ ಮೂವತ್ತೇಳು ಹೆಂಗಸರು, ಬೊಮ್ಮಣ್ಣ, ಪಾಲಮ್ಮ, ಹರ್ಷಿತಾ ಒಂದೇ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋದರು. ಬೊಮ್ಮಣ್ಣನ ಹೆಗಲ ಮೇಲೆ ಹೊಸ ಕಂಬಳಿ. ಹುಚ್ಚಕ್ಕನ ಕೈಯಲ್ಲಿ ಕುಕ್ಕುವ ಕೋಲು. ಟಿಕೆಟ್ ಕೊಡುವವನು ಕೇಳಿದ.

"ಎಲ್ಲಿಗವ್ವಾ ದಿಬ್ಬಣ?"

"ಸರ್ಕಾರದ ಬಟ್ಟೆ ಒಗಿಯೋಕೆ" ಎಂದಳು ಯರ್ರಮ್ಮ.

ನೂರ್ ಅಹಮ್ಮದ್ ತಕ್ಕಡಿ ಹೇರಿಕೊಂಡು ಆಟೋದಲ್ಲಿ ಆಗಲೇ ಬಂದು ತೆರಿಗೆ ಕಚೇರಿಯ ಗೇಟಿನ ಹತ್ತಿರ ಕಾಯುತ್ತಿದ್ದ.

ಹೆಂಗಸರೆಲ್ಲ ಆವರಣದ ಒಳಗೆ ಬಂದ ಮೇಲೆ ಕಾವಲುಗಾರ ತಡೆದ. ಮುಂಚೆ ಸಮಯ ತಗೊಂಡಿದ್ದೀರಾ ಎಂದ. ಅಷ್ಟು ಹೊತ್ತಿಗೆ ಕಿಟಕಿಗಳಲ್ಲಿ ಮುಖಗಳು ಕಾಣಿಸಿಕೊಂಡವು. ಹಿರಿಯ ಅಧಿಕಾರಿ ಇಳಿದು ಬಂದ. ಅದೇ ಸಭ್ಯತೆ. ಹರ್ಷಿತಾಳನ್ನು ಗುರುತು ಹಿಡಿದ.

"ಏನಮ್ಮ ಇದು? ಆದೇಶ ಆಗಿಹೋಗಿದೆ. ಇನ್ನು ನನ್ನ ಕೈಲಿ ಏನೂ ಇಲ್ಲ. ಮೇಲ್ಮನವಿ ಹಾಕಿಕೊಳ್ಳಿ."

"ಅದನ್ನೂ ಹಾಕ್ತೀವಿ ಸಾರ್. ಇವತ್ತು ತೋರಿಸೋಕೆ ಬಂದಿದೀವಿ."

"ನಿಮ್ಮ ಲೆಕ್ಕದ ಮೇಲೆ ನನಗೆ ಅನುಮಾನ ಇಲ್ಲ. ಹಾಗಂತ ಸ್ಪಷ್ಟವಾಗಿ ಬರೆದಿದ್ದೀನಿ ನೋಡಿ."

ಹರ್ಷಿತಾ ಪುಸ್ತಕವನ್ನು ಎದೆಗೆ ಅವುಚಿಕೊಂಡಳು. ಹೋದ ವರ್ಷ ನಾಲಿಗೆಯ ಮೇಲೆ ಉಳಿದ ಮಾತು ಅಲ್ಲೇ ಇತ್ತು. ಈ ಸಲ ಅವಳು ಸರದಿಗೆ ಕಾಯಲಿಲ್ಲ.

"ಅನುಮಾನ ಇದ್ರೆ ಒಳ್ಳೇದಾಗ್ತಿತ್ತು ಸಾರ್. ತಪ್ಪು ಅಂತ ಬರೀರಿ. ಯಾವ ಪುಟ ತಪ್ಪು ಅಂತ ಬರೀರಿ. ಈ ಪುಸ್ತಕದಾಗೆ ನೂಲು ತಂದ ಪ್ರತಿಯೊಬ್ಬರ ಹೆಸರೂ ಐತೆ. ಮೂವರು ಬಿಟ್ಟು ಅವ್ರೆಲ್ಲಾ ಇಲ್ಲೇ ಅವ್ರೆ. ಹದಿನೈದು ನೂರ ಐವತ್ತು ಕೆ.ಜಿ. ಬರೀದೆ ಬಿಟ್ಟಿದೀವಿ ಅಂತೀರಿ. ಯಾರ ನೂಲು ಸಾರ್ ಅದು? ಯಾವ ಪುಟ?"

"ಅದು ಹಾಗಲ್ಲಮ್ಮ. ಅದು ಅಂದಾಜು."

"ಪುಟ ಹೇಳಿ ಸಾರ್."

ಅಧಿಕಾರಿ ಕೈಗಡಿಯಾರ ನೋಡಿಕೊಂಡ. ಹುಚ್ಚಕ್ಕ ಮುಂದೆ ಬಂದಳು.

"ನಂದು ಹನ್ನೆರಡನೇ ಪುಟ ಸ್ವಾಮಿ. ಅದ್ರಾಗೆ ಎಷ್ಟು ಬಿಟ್ಟೈತೆ ಹೇಳ್ರಿ."

"ನಂದು ಮೂವತ್ತೊಂದು" ಎಂದಳು ಯರ್ರಮ್ಮ.

"ನಂದು ಏಳು."

"ನಂದು ಇಪ್ಪತ್ತು."

ಒಬ್ಬೊಬ್ಬರೇ ತಮ್ಮ ಪುಟ ಹೇಳಿದರು. ಅಕ್ಷರ ಬಾರದವರ ಬಾಯಲ್ಲಿ ಪುಟದ ಸಂಖ್ಯೆ ಹೆಸರಿನಷ್ಟು ಸಲೀಸಾಗಿ ಬರುತ್ತಿತ್ತು. ಮೂವತ್ತೇಳು ಪುಟ ಮುಗಿಯುವವರೆಗೂ ಅಧಿಕಾರಿ ನಿಲ್ಲಲಿಲ್ಲ. ಹದಿನೈದಕ್ಕೋ ಹದಿನಾರಕ್ಕೋ ತಿರುಗಿ ಮೆಟ್ಟಿಲು ಹತ್ತಿದ. ಹೆಂಗಸರು ಮಾತ್ರ ಕೊನೆಯವರೆಗೂ ಹೇಳಿದರು.

ನಲ್ಲಿ ಆವರಣದ ಒಳಗೇ ಇತ್ತು, ಗಿಡಗಳಿಗೆ ನೀರು ಬಿಡುವುದು. ಹುಚ್ಚಕ್ಕ ಹೊಸ ಕಂಬಳಿಯನ್ನು ತಕ್ಕಡಿಗೆ ಹಾಕಿದಳು. ನೂರ್ ಅಹಮ್ಮದ್ ತೂಕ ಕೂಗಿದ. ಎರಡೂವರೆ. ಪಾಲಮ್ಮ ಸೆರಗು ಸಿಕ್ಕಿಸಿಕೊಂಡು ಕೂತಳು. ಬಿಸಿ ನೀರು ಇರಲಿಲ್ಲ. ಬಿಸಿಲಿಗೆ ಕಾದ ಕೊಳವೆಯ ನೀರೇ ಸಾಕಾಯಿತು. ಸರದಿಯ ಮೇಲೆ ಎಲ್ಲರೂ ತುಳಿದರು, ಎಲ್ಲರೂ ಕುಕ್ಕಿದರು. ಗಂಜಿ ನೀರು ಸಿಮೆಂಟಿನ ಮೇಲೆ ಹರಿದು, ಸಾಲಾಗಿ ನಿಂತ ಕಾರುಗಳ ಚಕ್ರದ ಕೆಳಗೆ ಮಡುಗಟ್ಟಿತು. ಹಿಂಡಿದ ಕಂಬಳಿಯನ್ನು ಇಬ್ಬರು ಹಿಡಿದು ಮುಚ್ಚಿದ ಗೇಟಿನ ಮೇಲೆ ಹರವಿದರು. ಎರಡು ಬಾಗಿಲಿಗೂ ಸೇರಿ ಒಂದೇ ಕಂಬಳಿ ಸರಿಯಾಯಿತು.

ಐದೂವರೆಗೆ ಕಚೇರಿ ಮುಗಿಯಿತು. ಅಧಿಕಾರಿಯ ಕಾರು ಗೇಟಿನವರೆಗೆ ಬಂದು ನಿಂತಿತು. ಕಾವಲುಗಾರ ಪಾಲಮ್ಮನ ಹತ್ತಿರ ಬಂದ.

"ಅವ್ವಾ, ಇದನ್ನ ತೆಗೀರಿ. ಸಾಹೇಬ್ರು ಹೋಗ್ಬೇಕು."

"ಹಸಿ ಐತಲ್ಲಪ್ಪ. ಹಸೀದು ತೂಗಿದ್ರೆ ತೂಕ ತಪ್ಪು ಬರ್ತದೆ. ಆಮೇಲೆ ಅದ್ಕೂ ದಂಡ ಹಾಕ್ತಾರೆ."

ಕಾರಿನ ಗಾಜು ಇಳಿಯಿತು. ಅಧಿಕಾರಿಯ ದನಿ ಮೊದಲ ಸಲ ಸ್ವಲ್ಪ ಏರಿತು.

"ಎಷ್ಟು ಹೊತ್ತು ಬೇಕು ಅದು ಒಣಗೋಕೆ?"

ಪಾಲಮ್ಮ ಎದ್ದು ಹೋಗಿ, ಮಡಚದ ಬೆರಳುಗಳಿಂದ ಕಂಬಳಿಯ ಅಂಚು ಮುಟ್ಟಿ ನೋಡಿದಳು. ಕೆಲಸ ಗೊತ್ತಿದ್ದವಳು ನಿಜವನ್ನೇ ಹೇಳಿದಳು.

"ಈ ಬಿಸಿಲಾಗೆ ಎರಡು ದಿನ ಸ್ವಾಮಿ."

ಗೇಟಿನ ಪಕ್ಕದಲ್ಲೇ ಹೆಂಗಸರು ನೆರಳು ಹುಡುಕಿ ಕೂತರು. ಬುತ್ತಿಯ ಗಂಟು ಬಿಚ್ಚಿದರು. ಹರ್ಷಿತಾ ಪುಸ್ತಕ ತೆರೆದು ಹೊಸ ಪುಟದಲ್ಲಿ ತಾರೀಕು ಹಾಕಿದಳು. ಬರೆದಳು. ಬರೆದದ್ದನ್ನು ಕಾರಿನ ಒಳಗೂ ಕೇಳುವಂತೆ ಓದಿದಳು.

"ಒಂದು ಕಂಬಳಿ. ತೊಳೆಯುವ ಮುಂಚೆ ಎರಡೂವರೆ ಕೆ.ಜಿ. ತೊಳೆದ ಮೇಲೆ…" ಆ ಜಾಗ ಖಾಲಿ ಬಿಟ್ಟಿದ್ದಳು. "ಒಣಗಬೇಕು. ಸರಿನಾ?"

"ಸರಿ" ಎಂದರು ಮೂವತ್ತೇಳು ಜನ.